ಸತ್ತಂತೆ ಕಾಣುವ ಪಾಲಿಪ್‌ಗಳು ಮತ್ತೆ ಅರಳುತ್ತವೆಯೇ? ಮನೆಯಲ್ಲಿ ರೀಫ್ ಟ್ಯಾಂಕ್ ಇಟ್ಟವರು ಪದೇ ಪದೇ ಕೇಳುವ ಪ್ರಶ್ನೆಗಳು

ರೀಫ್ ಟ್ಯಾಂಕ್, ಅಂದರೆ ಹವಳಗಳನ್ನು ಸಾಕುವ ಉಪ್ಪುನೀರಿನ ಟ್ಯಾಂಕ್ ಇಟ್ಟುಕೊಂಡ ಗೆಳೆಯರಿಂದ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: “ನಿನ್ನೆಯವರೆಗೂ ಚೆನ್ನಾಗಿತ್ತು, ಇವತ್ತು ನೋಡಿದರೆ ಎಲ್ಲವೂ ಮುಚ್ಚಿಕೊಂಡಿದೆ, ತೆಗೆದು ಎಸೆದುಬಿಡಲೇ?” ಎಸೆಯಬೇಡಿ ಎಂಬುದೇ ನನ್ನ ಮೊದಲ ಉತ್ತರ. ಏಕೆ ಎಸೆಯಬಾರದು, ಎಷ್ಟು ದಿನ ಕಾಯಬೇಕು, ಕಾಯುವಾಗ ಏನು ಮಾಡಬೇಕು, ಯಾವಾಗ ಆಸೆ ಬಿಡಬೇಕು ಎಂಬುದನ್ನೆಲ್ಲ ಪ್ರತಿ ಸಲ ಫೋನಿನಲ್ಲಿ ಹೇಳಿ ಮುಗಿಸಲು ಆಗದ ಕಾರಣ ಇಲ್ಲಿ ಬರೆದಿಟ್ಟಿದ್ದೇನೆ. ನನಗೆ ಬೆಂಗಳೂರು, ಮೈಸೂರು, ಮಂಗಳೂರಿನಿಂದ ಕರೆ ಮಾಡುವವರ ಮನೆಗಳಲ್ಲಿ ಹೆಚ್ಚಾಗಿ ಇರುವುದು ಝೋವಾಂಥಿಡ್, ಅಂದರೆ ಅಂಗಡಿಯವರು ‘ಝೋವಾ’ ಎಂದೋ ‘ಬಟನ್ ಪಾಲಿಪ್’ ಎಂದೋ ಮಾರುವ, ಗುಂಡಿಯಂತೆ ಕಾಣುವ ಜೀವಿ. ಹಾಗಾಗಿ ಉತ್ತರಗಳಲ್ಲಿ ಹೆಚ್ಚಿನ ಪಾಲು ಅದಕ್ಕೇ ಸಂದಿದೆ. ಸುಣ್ಣದ ಅಸ್ಥಿ ಕಟ್ಟುವ ಗಟ್ಟಿ ಹವಳಗಳ ಬಗ್ಗೆ ಕೇಳುವವರು ಬಹುತೇಕ ದುಬೈ, ಸಿಂಗಪುರ, ಅಮೆರಿಕದಲ್ಲಿರುವ ಕನ್ನಡಿಗರು. ಅವರಿಗೆ ಬೇಕಾದದ್ದೂ ಅಲ್ಲಲ್ಲಿ ಇದೆ.

ಪಾಲಿಪ್‌ಗಳು ಮುಚ್ಚಿಕೊಂಡು ಒಂದು ವಾರವಾಯಿತು. ಸತ್ತಿವೆಯೇ?

ಮುಚ್ಚಿಕೊಂಡಿರುವುದು ಬೇರೆ, ಸತ್ತಿರುವುದು ಬೇರೆ. ಒಂದು ಬಾಯಿ, ಅದರ ಸುತ್ತ ಟೆಂಟಕಲ್‌ಗಳ, ಅಂದರೆ ಎಳೆಯಂಥ ಸ್ಪರ್ಶಾಂಗಗಳ ಬಳೆ, ಕೆಳಗೆ ನೀರು ತುಂಬಿಕೊಂಡ ಚೀಲ, ಪಾಲಿಪ್ ಎಂದರೆ ಇಷ್ಟೇ. ಎದ್ದು ಬೇರೆ ಕಡೆ ಹೋಗಲಾರದ ಈ ಪ್ರಾಣಿ ತನಗೆ ಹಿಡಿಸದ್ದು ಏನೇ ಬಂದರೂ ಚೀಲದ ನೀರನ್ನು ಹೊರಹಾಕಿ, ಟೆಂಟಕಲ್‌ಗಳನ್ನು ಒಳಗೆಳೆದುಕೊಂಡು ಮುದುಡಿಕೊಳ್ಳುತ್ತದೆ. ಉಪ್ಪಿನಂಶ ಏರಿದರೂ ಅದೇ, ಹರ್ಮಿಟ್ ಏಡಿ ಮೇಲೆ ಹತ್ತಿದರೂ ಅದೇ, ಬಂಡೆಯನ್ನು ನಾಲ್ಕು ಇಂಚು ಸರಿಸಿದರೂ ಅದೇ. ಹೊಸ ಟ್ಯಾಂಕಿಗೆ ಬಂದ ಝೋವಾ ಹತ್ತು ದಿನ ಮುದುಡಿದ್ದು ಹನ್ನೊಂದನೆಯ ದಿನ ಏನೂ ಆಗದ ಹಾಗೆ ಅರಳಿದ್ದನ್ನು ನಾನು ಹಲವು ಸಲ ನೋಡಿದ್ದೇನೆ. ಚರ್ಮದಂಥ ಮೈಯ ಲೆದರ್ ಹವಳವಂತೂ ಆಗಾಗ ಮೈಮೇಲೆ ಮೇಣದಂಥ ಪೊರೆ ಬೆಳೆಸಿಕೊಂಡು, ಒಂದೆರಡು ವಾರ ಕಳಾಹೀನವಾಗಿ ನಿಂತು, ಆಮೇಲೆ ಆ ಪೊರೆಯನ್ನು ಕಳಚಿ ಮೊದಲಿಗಿಂತ ಚೆನ್ನಾಗಿ ಅರಳುತ್ತದೆ. ಹಾವು ಪೊರೆ ಬಿಟ್ಟ ಹಾಗೆ. ಅದು ಕಾಯಿಲೆಯಲ್ಲ.

ಹಾಗಾದರೆ ಸತ್ತಿದೆ ಎಂದು ಖಚಿತವಾಗಿ ತಿಳಿಯುವುದು ಹೇಗೆ?

ಕಣ್ಣಿಗಿಂತ ಮೂಗು ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ಬಂಡೆಯನ್ನು, ಕೈಗವಸು ಹಾಕಿಕೊಂಡು, ನೀರಿನಿಂದ ಎತ್ತಿ ಸ್ವಲ್ಪ ದೂರದಿಂದಲೇ ವಾಸನೆ ಗಮನಿಸಿ. ಬದುಕಿರುವ ಹವಳಕ್ಕೆ ಕಡಲಿನ ವಾಸನೆ ಇರುತ್ತದೆ. ಸತ್ತ ಮಾಂಸಕ್ಕೆ ಕೊಳೆತ ಮೊಟ್ಟೆಯ ನಾತ ಇರುತ್ತದೆ, ಒಮ್ಮೆ ಮೂಸಿದವರು ಅದನ್ನು ಮರೆಯುವುದಿಲ್ಲ. ಎರಡನೆಯದು, ಸೂಜಿ ತೆಗೆದ ದೊಡ್ಡ ಸಿರಿಂಜಿನಿಂದ ಟ್ಯಾಂಕಿನ ನೀರನ್ನೇ ಮೆಲ್ಲಗೆ ಪಾಲಿಪ್‌ನ ಮೇಲೆ ಹಾಯಿಸುವುದು. ಮುದುಡಿದ ಝೋವಾ ಗಟ್ಟಿ ಮೊಗ್ಗಿನಂತೆ ನಿಂತಿರುತ್ತದೆ, ಇನ್ನಷ್ಟು ಬಿಗಿದುಕೊಳ್ಳಲೂಬಹುದು. ಸತ್ತದ್ದು ಬೂದುಬಣ್ಣದ ಚೂರುಗಳಾಗಿ ಕಿತ್ತು ಬರುತ್ತದೆ.

ಗಟ್ಟಿ ಹವಳದಲ್ಲಿ ಜನ ಹೆಚ್ಚಾಗಿ ಎಡವುವುದು ಬಿಳುಪಿನ ವಿಷಯದಲ್ಲಿ. ಹವಳದ ಅಂಗಾಂಶದೊಳಗೆ ಏಕಕೋಶದ ಪಾಚಿಗಳು ವಾಸಿಸುತ್ತವೆ, ಹವಳದ ಕಂದುಬಣ್ಣಕ್ಕೂ ಅದರ ಆಹಾರದ ಬಹುಪಾಲಿಗೂ ಅವೇ ಆಧಾರ. ಬಿಸಿ ಅಥವಾ ಅತಿ ಬೆಳಕಿನ ಹೊಡೆತಕ್ಕೆ ಹವಳ ಆ ಪಾಚಿಗಳನ್ನು ಕಳೆದುಕೊಂಡಾಗ ಮಾಂಸ ಪಾರದರ್ಶಕವಾಗಿ, ಒಳಗಿನ ಸುಣ್ಣದ ಅಸ್ಥಿ ಬೆಳ್ಳಗೆ ಕಾಣುತ್ತದೆ. ಇದು ಬಿಳಿಚಿದ ಹವಳ, ಸತ್ತ ಹವಳವಲ್ಲ. ರಾತ್ರಿ ದೀಪ ಆರಿದ ಎರಡು ಗಂಟೆಯ ನಂತರ ಟಾರ್ಚ್ ಹಾಕಿ ನೋಡಿದರೆ ಗಾಜಿನಂಥ ಟೆಂಟಕಲ್‌ಗಳು ಹೊರಗೆ ಚಾಚಿಕೊಂಡಿರುವುದು ಕಾಣಬಹುದು. ನಿಜವಾಗಿ ಸತ್ತಿದ್ದರೆ ಮಾಂಸವಿಲ್ಲದ ಬರಿ ಅಸ್ಥಿಯ ಮೇಲೆ ಕೆಲವೇ ದಿನಗಳಲ್ಲಿ ಹಸಿರು ಅಥವಾ ಕಂದು ಪಾಚಿ ಹತ್ತುತ್ತದೆ. ಜೀವಂತ ಅಂಗಾಂಶದ ಮೇಲೆ ಪಾಚಿಗೆ ಹಾಗೆ ಸುಲಭವಾಗಿ ನೆಲೆ ಸಿಗುವುದಿಲ್ಲ.

ನೀಲಿ ಟಾರ್ಚ್ ಇದ್ದರೆ ಇನ್ನೂ ಒಳ್ಳೆಯದು. ಎಷ್ಟೋ ಹವಳಗಳ ಅಂಗಾಂಶ ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ, ಪಾಚಿ ಮಂಕು ಕೆಂಪಾಗಿ ಕಾಣುತ್ತದೆ. ಹಗಲಿನಲ್ಲಿ ಬರಿಯ ಕಲ್ಲೆಂದು ಕಂಡದ್ದರ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಹೊಳಪು ಕಂಡಿತೆಂದರೆ, ಕಾಯುವುದಕ್ಕೆ ಕಾರಣ ಸಿಕ್ಕಿತು.

ಪೂರ್ತಿ ಮಾಯವಾದ ಪಾಲಿಪ್ ಮತ್ತೆ ಬರುವುದಾದರೂ ಹೇಗೆ?

ಸತ್ತದ್ದು ಎದ್ದು ಬರುವುದಿಲ್ಲ. ಸಾಯದೆ ಉಳಿದ ಚೂರು ಬೆಳೆಯುತ್ತದೆ. ನಮ್ಮ ಕಣ್ಣಿಗೆ ಕಾಣುವ ಪಾಲಿಪ್ ಬಹಳ ಸಲ ಇಡೀ ಜೀವಿಯಲ್ಲ, ಅದರ ಹೂವು ಮಾತ್ರ. ಝೋವಾಗಳ ತಲೆಗಳನ್ನು (ಒಂದು ಪಾಲಿಪ್ ಎಂದರೆ ಒಂದು ತಲೆ) ಒಂದಕ್ಕೊಂದು ಸೇರಿಸುವ ತೆಳ್ಳಗಿನ ಮಾಂಸದ ಹಾಸು ಬಂಡೆಗೆ ಅಂಟಿಕೊಂಡಿರುತ್ತದೆ, ತಲೆಗಳೆಲ್ಲ ಕರಗಿಹೋದರೂ ಈ ಹಾಸಿನ ಒಂದು ತುಂಡು ಬಂಡೆಯ ಸಂದಿಯಲ್ಲಿ ಉಳಿದಿದ್ದರೆ ಅದರಿಂದ ಹೊಸ ತಲೆ ಚಿಗುರುತ್ತದೆ. ಹಿತ್ತಲಿನ ಗರಿಕೆಯನ್ನು ಸವರಿದ ಮೇಲೂ ಬೇರಿನಿಂದ ಚಿಗುರುತ್ತದಲ್ಲ, ಹಾಗೆ. ಗ್ರೀನ್ ಸ್ಟಾರ್ ಪಾಲಿಪ್ ಎಂಬ ಮೆದು ಹವಳದ ನೇರಳೆ ಹಾಸೂ ಇದೇ ರೀತಿಯದು. ಅದು ನೇರಳೆಯಾಗಿ, ಗಟ್ಟಿಯಾಗಿ ಇರುವಷ್ಟು ಕಾಲ ಮೇಲೆ ಹಸಿರು ಕಾಣದಿದ್ದರೂ ಗಾಬರಿ ಬೇಡ.

ಗಟ್ಟಿ ಹವಳಗಳ ಕಥೆ ಇನ್ನೂ ಸೊಗಸಾಗಿದೆ. ಪೋರೈಟಿಸ್‌ನಂಥ ಹವಳಗಳ ಅಸ್ಥಿ ತೂತುತೂತಾಗಿದ್ದು, ಅಂಗಾಂಶ ಆ ತೂತುಗಳೊಳಗೂ ಇಳಿದಿರುತ್ತದೆ. ಮೇಲ್ಮೈಯ ಮಾಂಸ ಸತ್ತರೂ ಒಳಗಿನದು ಉಳಿದು ನಿಧಾನವಾಗಿ ಮೇಲಕ್ಕೆ ಬರುತ್ತದೆ. ಫ್ರೆಂಚ್ ಪಾಲಿನೇಷ್ಯಾದ ರಂಗಿರೋವಾ ಹವಳದ್ವೀಪದಲ್ಲಿ 1998ರಲ್ಲಿ ಕಡಲು ಕಾದಾಗ ಬಿಸಿಗೆ ಸಿಕ್ಕಿದ ಪೋರೈಟಿಸ್‌ಗಳು ಚೇತರಿಸಿಕೊಳ್ಳಲು ಶತಮಾನವೇ ಬೇಕಾದೀತು ಎಂಬ ಅಂದಾಜಿತ್ತು. ಸುಮಾರು 15 ವರ್ಷದಲ್ಲಿ ಅವು ಮೊದಲಿನ ಸ್ಥಿತಿಗೆ ಬಂದವು, ಸತ್ತ ಮೇಲ್ಮೈಯ ಮೇಲೆ ಉಳಿದ ಅಂಗಾಂಶವೇ ಹಬ್ಬಿದ್ದು ಇದಕ್ಕೆ ಮುಖ್ಯ ಕಾರಣ. ಸ್ಪೇನಿನ ಕರಾವಳಿಯಾಚೆಯ ಕೊಲುಂಬ್ರೆಟೆಸ್ ದ್ವೀಪಗಳಲ್ಲಿ ಕ್ಲಾಡೊಕೋರಾ ಎಂಬ ಮೆಡಿಟರೇನಿಯನ್ ಹವಳವನ್ನು 2002ರಿಂದ ಗಮನಿಸುತ್ತ ಬಂದ ಡಿಯೇಗೊ ಕೆರ್ಸ್ಟಿಂಗ್ ಮತ್ತು ಕ್ರಿಸ್ಟಿನಾ ಲಿನಾರೆಸ್ ಎಂಬ ಸಂಶೋಧಕರು 2019ರಲ್ಲಿ ಪ್ರಕಟಿಸಿದ್ದು ಇನ್ನೂ ವಿಚಿತ್ರವಾದದ್ದು. ಕಡಲು ಅತಿಯಾಗಿ ಕಾದ ಬೇಸಗೆಗಳಲ್ಲಿ ಆ ಹವಳದ ಪಾಲಿಪ್‌ಗಳು ಕುಗ್ಗಿ, ತಮ್ಮ ಹಳೆಯ ಗೂಡಿನ ಗೋಡೆಯನ್ನು ಬಿಟ್ಟು, ಅದೇ ಗೂಡಿನೊಳಗೆ ಚಿಕ್ಕದೊಂದು ಹೊಸ ಗೂಡು ಕಟ್ಟಿಕೊಂಡು ಕೂತಿದ್ದವು. ಹೊರಗಿನಿಂದ ನೋಡುವವರಿಗೆ ಇಡೀ ಗುಂಪೇ ಸತ್ತಂತಿತ್ತು. ಹೊಡೆತ ತಿಂದ ಗುಂಪುಗಳಲ್ಲಿ 38 ಶೇಕಡಾದಷ್ಟರಲ್ಲಿ ಹೀಗೆ ಬದುಕಿ ಉಳಿದ ಪಾಲಿಪ್‌ಗಳು ಕಂಡವು. ಇಂಥ ಉಪಾಯ ಅದುವರೆಗೆ ಪ್ರಾಚೀನ ಹವಳಗಳ ಪಳೆಯುಳಿಕೆಗಳಲ್ಲಿ ಮಾತ್ರ ಗೊತ್ತಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಫಂಜಿಯಾ, ಅಂದರೆ ತಟ್ಟೆಯಂತೆ ಮರಳಿನ ಮೇಲೆ ಕೂರುವ ಒಂಟಿ ಹವಳ. ಇದು ಸತ್ತು ಬಿಳಿ ತಟ್ಟೆಯಾದ ಮೇಲೆ, ಅಸ್ಥಿಯ ಪದರಗಳ ನಡುವೆ ಉಳಿದ ಅಂಗಾಂಶದ ಚೂರುಗಳಿಂದ ಹತ್ತಾರು ಮರಿ ತಟ್ಟೆಗಳು ಸಣ್ಣ ಕಾಂಡದ ಮೇಲೆ ಹುಟ್ಟುವುದುಂಟು. ಹವಾಯಿಯ ಕಾನೆಯೋಹೆ ಕೊಲ್ಲಿಯಲ್ಲಿ ಸತ್ತ ಫಂಜಿಯಾಗಳ ಮೇಲೆ ಇದನ್ನು ಕಂಡು 1992ರಲ್ಲಿ ವರದಿ ಮಾಡಿದ್ದಾರೆ, ಮನೆಯ ಟ್ಯಾಂಕುಗಳಲ್ಲೂ ಆಗುತ್ತದೆ. ಹಾಗಾಗಿ ಸತ್ತ ಫಂಜಿಯಾವನ್ನು ಶೋಕೇಸಿಗೆ ಇಡಲು ಬ್ಲೀಚಿನಲ್ಲಿ ತೊಳೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಎಷ್ಟು ದಿನ ಕಾಯಬೇಕು?

ನನ್ನ ಲೆಕ್ಕ ಹೀಗಿದೆ: ಝೋವಾ ಮತ್ತು ಗ್ರೀನ್ ಸ್ಟಾರ್ ಪಾಲಿಪ್‌ಗೆ ಎರಡು ತಿಂಗಳು, ಕೊಂಬೆಯಂಥ ದೊಡ್ಡ ಪಾಲಿಪ್‌ನ ಗಟ್ಟಿ ಹವಳಗಳಿಗೆ ಮೂರರಿಂದ ನಾಲ್ಕು ತಿಂಗಳು, ಫಂಜಿಯಾಗೆ ಒಂದು ವರ್ಷ. ಸಣ್ಣ ಪಾಲಿಪ್‌ಗಳ ಕೊಂಬೆ ಹವಳವಾದ ಅಕ್ರೊಪೋರಾದ ಮಾಂಸ ಒಂದೇ ದಿನದಲ್ಲಿ ಬುಡದಿಂದ ತುದಿಯ ಕಡೆಗೆ ಸುಲಿಯುತ್ತ ಹೋಗಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಇನ್ನೂ ಬಣ್ಣವಿರುವ ತುದಿಯನ್ನು ಆ ಕ್ಷಣವೇ ಕತ್ತರಿಸಿ ಬೇರೆಡೆ ಅಂಟಿಸಿಕೊಳ್ಳುವುದೊಂದೇ ದಾರಿ.

ನಿಮ್ಮ ಟ್ಯಾಂಕಿನಲ್ಲೇ ಹೀಗೆ ಆಗಿದ್ದುಂಟೇ?

ಉಂಟು. ಒಂದು ಮೇ ತಿಂಗಳಲ್ಲಿ ಮದುವೆಗೆಂದು ಶಿರಸಿಗೆ ಹೋಗಿ ಮೂರು ದಿನ ಬಿಟ್ಟು ಬಂದೆವು. ಎರಡನೆಯ ರಾತ್ರಿಯ ಮಳೆಗಾಳಿಗೆ ಕರೆಂಟ್ ಹೋಗಿ, ಇನ್ವರ್ಟರ್ ಬೆಳಗಿನ ಜಾವದ ಹೊತ್ತಿಗೆ ಕೈಚೆಲ್ಲಿತ್ತು. ಬಾಗಿಲು ತೆಗೆದಾಗಲೇ ನಾತ ಹೇಳಿಬಿಟ್ಟಿತು. ನೀರು ಗಂಜಿಯಂತೆ ಮಬ್ಬಾಗಿತ್ತು, ಥರ್ಮಾಮೀಟರ್ 31 ಡಿಗ್ರಿ ದಾಟಿತ್ತು, ಎರಡು ಕ್ಲೌನ್ ಮೀನುಗಳಲ್ಲಿ ಒಂದು ಮಾತ್ರ ಮೇಲ್ಮೈಯಲ್ಲಿ ಬಾಯಿ ತೆರೆಯುತ್ತಿತ್ತು. ಅಂಗೈ ಅಗಲದ ಬಂಡೆಯ ಮೇಲೆ ಅರವತ್ತಕ್ಕೂ ಹೆಚ್ಚು ತಲೆಗಳಿದ್ದ ಹಸಿರು ಝೋವಾ ನೆನೆದ ಚರ್ಮದ ತುಂಡಿನಂತೆ ಕಾಣುತ್ತಿತ್ತು. ಬಕೆಟ್ಟಿನಲ್ಲಿ ಉಪ್ಪುನೀರು ಮಾಡಿ ಬಂಡೆಯನ್ನು ಅದರಲ್ಲಿಟ್ಟು ಸಿರಿಂಜಿನಿಂದ ನೀರು ಹಾಯಿಸಿದೆ. ಲೋಳೆ ಲೋಳೆಯಾಗಿ ಬಹುಪಾಲು ಕಿತ್ತುಬಂತು. ಉಳಿದದ್ದು ಹೆಸರುಕಾಳಿನಷ್ಟು ಗಾತ್ರದ ಇಪ್ಪತ್ತು ಗಂಟುಗಳು. ಆ ದಿನ ನಾನು ಮಾಡಿದ ದೊಡ್ಡ ತಪ್ಪೆಂದರೆ ಗಾಬರಿಯಲ್ಲಿ ಟ್ಯಾಂಕಿನ ಅರ್ಧದಷ್ಟು ನೀರನ್ನು ಒಂದೇ ಸಲ ಬದಲಿಸಿದ್ದು. ಮರುದಿನ ಆ ಇಪ್ಪತ್ತರಲ್ಲಿ ಎಂಟೋ ಒಂಬತ್ತೋ ಕರಗಿದವು, ಮುಂದಿನ ಎರಡು ವಾರಗಳಲ್ಲಿ ಉಳಿದವೂ ಹೋದವು.

ಮನೆಯಲ್ಲಿ ಎಲ್ಲರೂ ಬಂಡೆ ಎಸೆಯಿರಿ ಎಂದರು. ಅದನ್ನು ಟ್ಯಾಂಕಿನ ಕೆಳಗಿನ ಮೂಲೆಯಲ್ಲಿಟ್ಟು ಮರೆತಂತೆ ಇದ್ದೆ. 41ನೆಯ ದಿನ ಗಾಜು ಒರೆಸುವಾಗ ಬಂಡೆಯ ಅಡಿಯ ಅಂಚಿನಲ್ಲಿ, ಬೆಳಕು ನೇರ ಬೀಳದ ಕಡೆ, ಕಂದು ಹಾಸಿನ ಬೆರಳುಗುರಿನಷ್ಟು ತುಂಡೊಂದು ಉಳಿದಿರುವುದೂ ಅದರ ನಡುವೆ ಒಂದು ಮೊಳಕೆ ಎದ್ದಿರುವುದೂ ಕಂಡಿತು. ಆರು ತಿಂಗಳಿಗೆ ಮೂವತ್ತೈದು ತಲೆಗಳಾದವು. ಮೊದಲು ಝೋವಾ ತುಂಬಿದ್ದ ಮೇಲ್ಭಾಗಕ್ಕೆ ಮಾತ್ರ ಅವು ಹತ್ತಲೇ ಇಲ್ಲ. ಆ ಜಾಗವನ್ನು ಅಷ್ಟರೊಳಗೆ ನೇರಳೆ ಕೋರಲೈನ್ ಪಾಚಿ ಹಿಡಿದಿತ್ತು.

ಮೊದಲ ದಿನ ಏನು ಮಾಡಬೇಕು?

ಅಳತೆ ಮಾಡಬೇಕು, ಆಮೇಲೆ ಕೈಕಟ್ಟಿ ಕೂರಬೇಕು. ಮೊದಲು ಉಪ್ಪಿನಂಶ: ಅದನ್ನು ಅಳೆಯುವ ರಿಫ್ರ್ಯಾಕ್ಟೋಮೀಟರನ್ನು 35 ಪಿಪಿಟಿಯ (ಸಾವಿರಕ್ಕೆ 35 ಪಾಲು ಉಪ್ಪಿನ) ಅಳತೆ ದ್ರಾವಣದಿಂದ ಸರಿಪಡಿಸಿಕೊಂಡು ನೋಡಿ, ಸಾಪೇಕ್ಷ ಸಾಂದ್ರತೆ 1.025ರಿಂದ 1.026 ಇರಬೇಕು. ಉಪಕರಣವೇ ತಪ್ಪು ತೋರಿಸುತ್ತಿದ್ದು ತಿಂಗಳುಗಟ್ಟಲೆ ಟ್ಯಾಂಕನ್ನು ಉಪ್ಪಿನಕಾಯಿ ಜಾಡಿ ಮಾಡಿಕೊಂಡವರು ನನಗೆ ಗೊತ್ತಿರುವವರಲ್ಲೇ ಮೂವರಿದ್ದಾರೆ. ಉಷ್ಣಾಂಶ 24ರಿಂದ 26 ಡಿಗ್ರಿ, ಆಲ್ಕಲಿನಿಟಿ (ಕ್ಷಾರತೆ) ಅದರ ಏಕಮಾನವಾದ ಡಿಕೆಎಚ್‌ನಲ್ಲಿ 7ರಿಂದ 9, ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ಹತ್ತು ಲಕ್ಷಕ್ಕೆ ಅಷ್ಟು ಪಾಲು), ಮೆಗ್ನೀಸಿಯಂ 1250ರಿಂದ 1350 ಪಿಪಿಎಂ ಇದ್ದರೆ ಸಾಕು. ಅಮೋನಿಯಾ ಸೊನ್ನೆ ಇರಲೇಬೇಕು. ನೈಟ್ರೇಟ್ ಮತ್ತು ಫಾಸ್ಫೇಟ್ ಮಾತ್ರ ಸೊನ್ನೆ ಇರಬಾರದು. ಅವು ಪೂರ್ತಿ ಇಲ್ಲದ ನೀರಿನಲ್ಲಿ ಹವಳ ಹಸಿಯುತ್ತದೆ, ಡೈನೋಫ್ಲಜೆಲೇಟ್ ಎಂಬ ಏಕಕೋಶ ಜೀವಿಗಳ ಕಂದು ಲೋಳೆ ಬೇರೆ ಮೆರೆಯುತ್ತದೆ. ನೈಟ್ರೇಟ್ 2ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಆಸುಪಾಸಿನಲ್ಲಿರಲಿ.

ಯಾವುದಾದರೂ ಅಂಕಿ ತಪ್ಪಿದ್ದರೆ ಅದನ್ನು ಒಂದೇ ದಿನದಲ್ಲಿ ಸರಿಪಡಿಸಲು ಹೋಗಬೇಡಿ. ಆಲ್ಕಲಿನಿಟಿಯನ್ನು ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಏರಿಸಬಾರದು, ಉಪ್ಪಿನಂಶವನ್ನು ದಿನಕ್ಕೆ 0.001ರಷ್ಟೇ ಏರಿಸಬೇಕು. ನೀರು ಬದಲಾವಣೆ ಶೇಕಡಾ 10ರಿಂದ 15 ಸಾಕು. ಅಮೋನಿಯಾ ಕಂಡರೆ ಅಷ್ಟನ್ನೇ ದಿನ ಬಿಟ್ಟು ದಿನ ಮಾಡಬಹುದು. ಆಕ್ಟಿವೇಟೆಡ್ ಕಾರ್ಬನ್ ಮಾತ್ರ ಆ ಕ್ಷಣವೇ ಹಾಕಿ, ಏಕೆಂದರೆ ಸಾಯುತ್ತಿರುವ ಝೋವಾ ಮತ್ತು ಲೆದರ್ ಹವಳಗಳು ನೀರಿಗೆ ಬಿಡುವ ವಿಷವಸ್ತುಗಳನ್ನು ಹೀರಿಕೊಳ್ಳಲು ಅದು ನೆರವಾಗುತ್ತದೆ. ನನ್ನ ಅನುಭವದಲ್ಲಿ ಮೂಲ ಹೊಡೆತಕ್ಕೆ ಸತ್ತ ಪಾಲಿಪ್‌ಗಳಿಗಿಂತ, ಆಮೇಲಿನ ಉಪಚಾರಕ್ಕೆ ಸತ್ತವೇ ಹೆಚ್ಚು.

ಬೆಳಕು ಹೆಚ್ಚಿಸಿದರೆ ಬೇಗ ಚೇತರಿಸಿಕೊಳ್ಳುತ್ತದೆಯೇ?

ಇಲ್ಲ, ತದ್ವಿರುದ್ಧ. ಬಿಳಿಚಿದ ಹವಳದಲ್ಲಿ ಬೆಳಕನ್ನು ತಡೆಯಲು ಪಾಚಿಯ ಬಣ್ಣವೇ ಇಲ್ಲ, ಅಳಿದುಳಿದ ಪಾಚಿಯ ಮೇಲೆ ಬೆಳಕು ಹೆಚ್ಚಾದರೆ ಅಂಗಾಂಶವನ್ನು ಸುಡುವ ಆಮ್ಲಜನಕದ ಉಗ್ರ ರೂಪಗಳು ಹುಟ್ಟುತ್ತವೆ. ಬಂಡೆಯನ್ನು 50ರಿಂದ 100 ಪಾರ್ (ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕಿನ ಅಳತೆ) ಬೆಳಕಿರುವ ಕೆಳಜಾಗಕ್ಕೆ ಇಳಿಸಿ, ಅಥವಾ ದೀಪವನ್ನೇ ಕಡಿಮೆ ಮಾಡಿ ದಿನಕ್ಕೆ ಎಂಟು ಗಂಟೆ ಮಾತ್ರ ಉರಿಸಿ. ಒಮ್ಮೆ ಇಳಿಸಿದ ಮೇಲೆ ಅಲ್ಲೇ ಬಿಡಿ. ಎರಡು ದಿನಕ್ಕೊಮ್ಮೆ ಜಾಗ ಬದಲಿಸುವವರ ಟ್ಯಾಂಕಿನಲ್ಲಿ ಯಾವುದೂ ಅರಳುವುದಿಲ್ಲ. ನೀರಿನ ಹರಿವು ಲೋಳೆ ಮತ್ತು ಕಸ ನಿಲ್ಲದಷ್ಟಿರಲಿ, ಮಾಂಸ ಅಲುಗಾಡಿ ಹರಿದುಹೋಗುವಷ್ಟು ಬೇಡ.

ಆಹಾರ ಕೊಡಬೇಕೇ?

ಬಾಯಿ ತೆರೆಯದ ಪಾಲಿಪ್‌ಗೆ ಕೊಟ್ಟ ಆಹಾರ ಕೊಳೆಯುತ್ತದೆ, ಅಷ್ಟೇ. ಟೆಂಟಕಲ್ ಹೊರಬರುವವರೆಗೆ ಕಾದು, ಆಮೇಲೆ ವಾರಕ್ಕೆರಡು ಸಲ ಅತಿ ಸಣ್ಣ ಪ್ರಮಾಣದಲ್ಲಿ ಕೊಡಿ.

ಇದಕ್ಕೆ ದೊಡ್ಡ ಅಪವಾದ ಸನ್ ಕೋರಲ್. ಕಿತ್ತಳೆ ಬಣ್ಣದ ಈ ಟ್ಯೂಬಾಸ್ಟ್ರಿಯಾದ ಒಳಗೆ ಪಾಚಿಗಳಿಲ್ಲ, ಹಾಗಾಗಿ ತಿಂದರೆ ಮಾತ್ರ ಬದುಕು. ಮುಚ್ಚಿಕೊಂಡು ತಿಂಗಳಾಗಿ, ಮಾಂಸ ಸೊರಗಿ ಅಸ್ಥಿಯ ಅಂಚುಗಳು ಕಾಣುತ್ತಿರುವ ಸನ್ ಕೋರಲ್ ಬಹುಪಾಲು ಹಸಿದಿರುತ್ತದೆ, ಸತ್ತಿರುವುದಿಲ್ಲ. ದೀಪ ಆರಿದ ಮೇಲೆ, ಅಲೆ ಎಬ್ಬಿಸುವ ವೇವ್‌ಮೇಕರ್ ನಿಲ್ಲಿಸಿ, ಕರಗಿಸಿದ ಫ್ರೋಜನ್ ಬ್ರೈನ್ ಶ್ರಿಂಪ್ ಎಂಬ ಪುಟ್ಟ ಸೀಗಡಿಯಂಥ ಜೀವಿಯ ರಸವನ್ನಷ್ಟೇ ಅದರ ಮೇಲೆ ಬಿಡಿ. ವಾಸನೆ ಹತ್ತಿದ ಹದಿನೈದಿಪ್ಪತ್ತು ನಿಮಿಷಕ್ಕೆ ಒಂದೊಂದೇ ಬಾಯಿ ಸಡಿಲವಾಗುತ್ತದೆ. ಮೊದಲ ರಾತ್ರಿ ಆಗದಿದ್ದರೆ ಅದೇ ಹೊತ್ತಿಗೆ ಮರುರಾತ್ರಿ, ಅದರ ಮರುರಾತ್ರಿ ಹಾಗೆಯೇ ಮಾಡಿ. ಒಂದು ತಲೆ ತಿಂದದ್ದು ಪಕ್ಕದ ತಲೆಗೂ ಸಾಲುತ್ತದೆ ಎಂದು ನೆಚ್ಚಿಕೊಳ್ಳದೆ ಪ್ರತಿ ತಲೆಗೂ ಬೇರೆ ಬೇರೆಯಾಗಿ ಉಣಿಸಬೇಕು. ಅಷ್ಟು ಪುರುಸೊತ್ತು ಇಲ್ಲದವರು ಇದನ್ನು ಸಾಕಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಡಿಪ್ ಮಾಡಿದರೆ, ಅಂದರೆ ಔಷಧದ ದ್ರಾವಣದಲ್ಲಿ ಅದ್ದಿ ತೆಗೆದರೆ ಒಳ್ಳೆಯದಲ್ಲವೇ?

ಕೀಟ ಅಥವಾ ಕೊಳೆ ಕಣ್ಣಿಗೆ ಕಂಡಿದ್ದರೆ ಮಾತ್ರ. ನೀರಿನ ಏರುಪೇರಿನಿಂದ ಸೊರಗಿದ ಪಾಲಿಪ್‌ಗೆ ಅಯೋಡಿನ್ ಡಿಪ್ ಕೊಡುವುದು ಜ್ವರದಿಂದ ಎದ್ದವನಿಗೆ ಭೇದಿ ಔಷಧಿ ಕೊಟ್ಟಂತೆ. ಬೇರೆಲ್ಲ ಹವಳಗಳು ಅರಳಿದ್ದು ಝೋವಾ ಮಾತ್ರ ಮುಚ್ಚಿದ್ದರೆ ಆಗ ಕೀಟದ ಅನುಮಾನ ಬರಬೇಕು. ಝೋವಾ ತಿನ್ನುವ ನ್ಯೂಡಿಬ್ರಾಂಕ್ ಎಂಬ ಚಿಪ್ಪಿಲ್ಲದ ಬಸವನಹುಳು ತಾನು ತಿಂದ ಝೋವಾದ ಬಣ್ಣವನ್ನೇ ಮೈಗೆ ಪಡೆದುಕೊಳ್ಳುವುದರಿಂದ ಹಗಲಿನಲ್ಲಿ ಕಣ್ಣೆದುರೇ ಕೂತಿದ್ದರೂ ಕಾಣುವುದಿಲ್ಲ. ರಾತ್ರಿ ಟಾರ್ಚ್ ಹಾಕಿ ತಲೆಗಳ ನಡುವೆ ನೋಡಬೇಕು, ಕಾಂಡದ ಮೇಲೆ ಬಿಳಿ ಸುರುಳಿಯಂಥ ಮೊಟ್ಟೆಗಳಿವೆಯೇ ಎಂದು ಹುಡುಕಬೇಕು. ಕಪ್ಪುಬಿಳಿ ಪಟ್ಟೆಯ ಸನ್‌ಡಯಲ್ ಶಂಖುವೂ ಇದೇ ಕೆಲಸ ಮಾಡುತ್ತದೆ. ಡಿಪ್ ದ್ರಾವಣ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಮೊಟ್ಟೆಗಳನ್ನು ಕೈಯಿಂದ ಕೆರೆದು ತೆಗೆದು, ವಾರದ ನಂತರ ಮತ್ತೆ ಡಿಪ್ ಮಾಡಬೇಕು.

ಯೂಫಿಲಿಯಾದಂಥ ಹವಳಗಳ ಮೇಲೆ ಕಂದು ಲೋಳೆ ಕಾಣಿಸಿಕೊಂಡು ಗಂಟೆಗಳಲ್ಲಿ ಹರಡುತ್ತಿದ್ದರೆ ಕಾಯುವ ಮಾತೇ ಇಲ್ಲ. ಅದು ಪಕ್ಕದ ಹವಳಕ್ಕೆ ಹಬ್ಬುವ ರೋಗ. ಪಂಪ್ ನಿಲ್ಲಿಸಿ, ಲೋಳೆಯನ್ನು ಪೈಪಿನಿಂದ ಟ್ಯಾಂಕಿನ ಹೊರಕ್ಕೆ ಎಳೆದು, ಹವಳವನ್ನು ಬೇರೆ ಪಾತ್ರೆಗೆ ತೆಗೆದು ಡಿಪ್ ಮಾಡಿ. ಕವಲೊಡೆದ ಜಾತಿಯಾಗಿದ್ದರೆ ರೋಗ ತಗುಲಿದ ಕವಲನ್ನು ಕೆಳಗಿನ ಬರಿ ಅಸ್ಥಿಯ ಬಳಿ ಕತ್ತರಿಸಿದರೆ ಉಳಿದ ತಲೆಗಳು ಬದುಕಬಹುದು. ತಲೆ ಸತ್ತ ಕವಲಿನ ಬದಿಯಲ್ಲಿ ಮುಂದೆ ಮೊಗ್ಗುಗಳು ಮೂಡುವುದೂ ಉಂಟು, ಆದ್ದರಿಂದ ತೊಳೆದ ಅಸ್ಥಿಯನ್ನು ಕೂಡಲೇ ಎಸೆಯಬೇಡಿ.

ಒಂದು ತಲೆ ಅಸ್ಥಿಯಿಂದ ಕಳಚಿ ನೀರಿನಲ್ಲಿ ತೇಲುತ್ತಿದೆ. ಅದು ಸತ್ತಿತೇ?

ಮಾಂಸ ಇಡಿಯಾಗಿ, ಬಣ್ಣ ಕಳೆದುಕೊಳ್ಳದೆ ಕಳಚಿದ್ದರೆ ಅದು ಸಾವಲ್ಲ, ಪಲಾಯನ. ಪರಿಸ್ಥಿತಿ ಸಹಿಸಲಾಗದಾಗ ಪಾಲಿಪ್ ತನ್ನ ಗೂಡನ್ನೇ ಬಿಟ್ಟು ಹೊರಡುವ ಈ ವಿದ್ಯಮಾನವನ್ನು ಸಂಶೋಧಕ ಪಾಲ್ ಸಮ್ಮಾರ್ಕೊ 1982ರಲ್ಲಿ ಸೀರಿಯಾಟೊಪೋರಾ ಹವಳದಲ್ಲಿ ವಿವರಿಸಿದರು. ಉಪ್ಪಿನಂಶವನ್ನು ನಿಧಾನವಾಗಿ ಏರಿಸಿ ಪೊಸಿಲೊಪೋರಾ ಹವಳದ ಪಾಲಿಪ್‌ಗಳನ್ನು ಬೇಕೆಂದೇ ಕಳಚಿಸುವ ವಿಧಾನ ಪ್ರಯೋಗಾಲಯಗಳಲ್ಲೂ ಬಳಕೆಯಲ್ಲಿದೆ. ಹಾಗಾಗಿ ನಿಮ್ಮಲ್ಲಿ ಇದು ಆದರೆ ಮೊದಲು ನೋಡಬೇಕಾದದ್ದು, ಆವಿಯಾದ ನೀರಿಗೆ ಬದಲು ಸಿಹಿನೀರು ತುಂಬುವುದನ್ನು ಮರೆತಿರಾ ಎಂಬುದನ್ನು. ತೇಲುವ ಪಾಲಿಪ್ಪನ್ನು ಸಣ್ಣ ಕಲ್ಲುಚೂರುಗಳಿರುವ ಬಲೆಬುಟ್ಟಿಯಲ್ಲಿ, ಮಂದ ಹರಿವಿನಲ್ಲಿ ಇಡಿ. ದೊಡ್ಡ ತಲೆಗಳು ತಿಂಗಳುಗಟ್ಟಲೆ ಬದುಕಬಹುದಾದರೂ ಹೊಸ ಅಸ್ಥಿ ಕಟ್ಟುವುದು ಅಪರೂಪ.

ಸತ್ತ ಅಸ್ಥಿಯ ಮೇಲೆ ಏನೋ ಹೊಸದಾಗಿ ಮೂಡಿದೆ. ನನ್ನ ಹವಳವೇ ವಾಪಸು ಬಂತೇ?

ಆಗಿರಬಹುದು, ಏಪ್ಟೇಸಿಯಾ ಆಗಿರುವ ಸಂಭವವೂ ಅಷ್ಟೇ ಇದೆ. ಕಂದುಬಣ್ಣದ ಈ ಕಳೆ ಅನಿಮೋನಿಗೆ ಖಾಲಿ ಅಸ್ಥಿಯ ತೂತುಗಳೆಂದರೆ ಪ್ರೀತಿ. ಟೆಂಟಕಲ್‌ಗಳು ಉದ್ದವಾಗಿ, ಚೂಪಾಗಿ, ಅರೆಪಾರದರ್ಶಕವಾಗಿದ್ದು, ನೀರು ಚಿಮ್ಮಿದ ಕೂಡಲೇ ಚಟ್ಟನೆ ತೂತಿನೊಳಗೆ ಮಾಯವಾದರೆ ಅದು ಏಪ್ಟೇಸಿಯಾ. ಝೋವಾದ ಮೊಳಕೆ ಹಾಗೆ ಓಡುವುದಿಲ್ಲ, ಇದ್ದಲ್ಲೇ ಗುಂಡಿಯಂತೆ ಮುಚ್ಚಿಕೊಳ್ಳುತ್ತದೆ. ಅದರ ಟೆಂಟಕಲ್‌ಗಳು ಗಿಡ್ಡವಾಗಿ ತಟ್ಟೆಯ ಅಂಚಿಗೆ ಕಟ್ಟಿದ ಝಾಲರಿನಂತಿರುತ್ತವೆ. ಮೂರು ವಾರ ಏಪ್ಟೇಸಿಯಾಕ್ಕೆ ಸೀಗಡಿ ಉಣಿಸಿ ಸಾಕಿದ ಗೆಳೆಯರೊಬ್ಬರಿದ್ದಾರೆ, ಈಗಲೂ ಅವರನ್ನು ನಾವು ಬಿಡುವುದಿಲ್ಲ.

ಪಾಚಿ ಹತ್ತಿದ ಬಂಡೆಯನ್ನು ಉಜ್ಜಿ ತೊಳೆಯಬಹುದೇ?

ಉಜ್ಜಬೇಡಿ. ಬದುಕಿ ಉಳಿದ ಚೂರು ಇರುವುದು ಆ ಪಾಚಿಯ ಅಡಿಯಲ್ಲೇ. ಉದ್ದ ಎಳೆಗಳನ್ನು ಚಿಮುಟದಿಂದ ಕಿತ್ತು, ಉಳಿದದ್ದನ್ನು ಪಾಚಿ ತಿನ್ನುವ ಟರ್ಬೊ ಶಂಖುಗಳಿಗೆ ಬಿಡಿ.

ಝೋವಾ ವಿಷಕಾರಿ ಎನ್ನುತ್ತಾರೆ. ನಿಜವೇ?

ನಿಜ, ಇದನ್ನು ಲಘುವಾಗಿ ತೆಗೆದುಕೊಳ್ಳುವವರ ಜೊತೆ ನಾನು ಮುಂದಿನ ಮಾತಾಡುವುದಿಲ್ಲ. ಪ್ಯಾಲಿಥೋವಾ ಎಂಬ ಝೋವಾಂಥಿಡ್ ಮತ್ತು ಅದರ ಕೆಲವು ಸಂಬಂಧಿಗಳಲ್ಲಿರುವ ಪ್ಯಾಲಿಟಾಕ್ಸಿನ್ ನಿಸರ್ಗದಲ್ಲಿ ಸಿಗುವ ಅತಿ ತೀವ್ರ ವಿಷಗಳಲ್ಲಿ ಒಂದು. ಹವಾಯಿಯ ಪ್ಯಾಲಿಥೋವಾದಿಂದ ಅದನ್ನು ಬೇರ್ಪಡಿಸಿದ್ದು 1971ರಲ್ಲಿ ಪ್ರಕಟವಾಯಿತು. ಯಾವ ಝೋವಾದಲ್ಲಿ ಎಷ್ಟಿದೆ ಎಂದು ನೋಡಿ ಹೇಳಲಾಗದ ಕಾರಣ ಎಲ್ಲವನ್ನೂ ವಿಷವೆಂದೇ ಭಾವಿಸಿ. ಕೈಗವಸು ಮತ್ತು ಕನ್ನಡಕ ಇಲ್ಲದೆ ಬಂಡೆ ಮುಟ್ಟಬೇಡಿ, ಕೈಯಲ್ಲಿ ಗಾಯವಿದ್ದರೆ ಹತ್ತಿರವೂ ಹೋಗಬೇಡಿ, ಸತ್ತ ತಲೆಗಳನ್ನು ಬ್ರಷ್‌ನಿಂದ ಹಾರಿಸಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಸತ್ತ ಝೋವಾ ಬಂಡೆಯನ್ನು ಶುದ್ಧ ಮಾಡಲೆಂದು ಯಾವ ಕಾರಣಕ್ಕೂ ನೀರಿನಲ್ಲಿ ಕುದಿಸಬೇಡಿ, ಬಿಸಿನೀರು ಸುರಿಯಬೇಡಿ, ಮೈಕ್ರೊವೇವಿನಲ್ಲಿ ಇಡಬೇಡಿ. ಆ ಹಬೆಯನ್ನು ಉಸಿರಾಡಿದ ಇಡೀ ಕುಟುಂಬಗಳು ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ನಡೆದಿವೆ. ಬಂಡೆ ಮುಟ್ಟಿದ ಮೇಲೆ ಬಾಯಿಯಲ್ಲಿ ಲೋಹದ ರುಚಿ, ಚಳಿಜ್ವರ, ಕೆಮ್ಮು, ಕಣ್ಣುರಿ, ಎದೆ ಬಿಗಿತ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ ‘ಪ್ಯಾಲಿಟಾಕ್ಸಿನ್’ ಎಂಬ ಹೆಸರನ್ನೇ ವೈದ್ಯರಿಗೆ ಹೇಳಿ.

ಎಲ್ಲ ಅಂಕಿಗಳೂ ಸರಿಯಿವೆ, ಆದರೂ ಅರಳುತ್ತಿಲ್ಲ. ನಮ್ಮ ಮನೆಗಳಲ್ಲಿ ಬೇರೆ ಕಾರಣಗಳಿರಬಹುದೇ?

ನಾನು ಮೊದಲು ಕೇಳುವುದು ತಾಮ್ರವನ್ನು. ಹವಳ, ಸೀಗಡಿ, ಶಂಖುಗಳಿಗೆ ತಾಮ್ರ ಅತಿ ಸಣ್ಣ ಪ್ರಮಾಣದಲ್ಲೂ ವಿಷ. ಈಗ ಅಡುಗೆಮನೆಗೆ ಬರುವ ಎಷ್ಟೋ ಆರ್‌ಓ ಯಂತ್ರಗಳು ಆರೋಗ್ಯಕ್ಕೆಂದು ನೀರಿಗೆ ತಾಮ್ರವನ್ನೂ ಖನಿಜಗಳನ್ನೂ ಮರಳಿ ಸೇರಿಸುತ್ತವೆ. ಆ ನೀರು ನಿಮಗೆ ಸರಿ, ಟ್ಯಾಂಕಿಗಲ್ಲ. ಟ್ಯಾಂಕಿಗೆ ಅಯಾನುಗಳನ್ನೂ ತೆಗೆಯುವ ಬೇರೆ ಆರ್‌ಓ ಡಿಐ ಘಟಕ ಇಟ್ಟು, ಟಿಡಿಎಸ್ (ಕರಗಿದ ಘನಾಂಶ) ಸೊನ್ನೆ ಬರುವ ನೀರನ್ನೇ ಬಳಸಿ. ಒಬ್ಬರ ಮನೆಯಲ್ಲಿ ಎಲ್ಲ ಪರೀಕ್ಷೆ ಮುಗಿಸಿ ತಲೆ ಕೆರೆದುಕೊಳ್ಳುತ್ತಿದ್ದಾಗ, ಅವರ ತಾಯಿ ನಮ್ಮೆದುರೇ ದೇವರ ಮನೆಯ ತಾಮ್ರದ ಚೊಂಬಿನಿಂದ ಟ್ಯಾಂಕಿಗೆ ನೀರು ತುಂಬಿಸಿದರು. “ದಿನಾ ನಾನೇ ಹಾಕೋದು, ಮೀನಿಗೆ ಒಳ್ಳೇದಲ್ವಾ?” ಎಂದರು ಪಾಪ. ಚೊಂಬನ್ನು ಬಿಟ್ಟು, ಕಾರ್ಬನ್ ಬದಲಿಸಿ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ನೀರು ಬದಲಿಸಿದ ಮೇಲೆ ಅಲ್ಲಿನ ಪಾಲಿಪ್‌ಗಳು ಐದನೆಯ ವಾರದಲ್ಲಿ ತೆರೆದುಕೊಂಡವು.

ಟ್ಯಾಂಕ್ ಇರುವ ಕೋಣೆಯಲ್ಲಿ ಸೊಳ್ಳೆ, ಜಿರಲೆಗಳ ಸ್ಪ್ರೇ ಹೊಡೆಯುವುದು ಮತ್ತೊಂದು ಕಾರಣ. ಮೂರನೆಯದು ಬೇಸಗೆ. ನೀರಿನ ಮೇಲ್ಮೈಗೆ ಫ್ಯಾನ್ ಹಾಯಿಸಿದರೆ ಬೆಂಗಳೂರಿನ ಒಣಹವೆಯಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ, ಮಂಗಳೂರಿನ ಸೆಕೆಯಲ್ಲಿ ನೀರು ಅಷ್ಟು ಆವಿಯಾಗದ ಕಾರಣ ನೀರು ತಂಪಾಗಿಸುವ ಚಿಲ್ಲರ್ ಇಲ್ಲದೆ ಆಗುವುದಿಲ್ಲ. ಕರೆಂಟ್ ಹೋದಾಗ ಮೊದಲು ಬೇಕಾದದ್ದು ದೀಪವೂ ಅಲ್ಲ, ನೊರೆಯೊಡನೆ ಕೊಳೆ ತೆಗೆಯುವ ಸ್ಕಿಮ್ಮರೂ ಅಲ್ಲ, ನೀರಿನ ಚಲನೆ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ. ಏನೂ ಇಲ್ಲದಿದ್ದರೆ ಪ್ಲಾಸ್ಟಿಕ್ ಜಗ್ಗಿನಿಂದ ಹತ್ತು ನಿಮಿಷಕ್ಕೊಮ್ಮೆ ನೀರು ಎತ್ತಿ ಮೇಲಿನಿಂದ ಸುರಿಯಿರಿ.

ಸತ್ತ ಹವಳದ ಬದಲು ನೇತ್ರಾಣಿಯಿಂದ ಒಂದು ಚೂರು ತರಬಹುದೇ?

ತರಕೂಡದು. ಮುರುಡೇಶ್ವರದ ಎದುರಿನ ನೇತ್ರಾಣಿಯಾಗಲಿ, ಲಕ್ಷದ್ವೀಪವಾಗಲಿ, ರೀಫ್ ಕಟ್ಟುವ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಮೊದಲನೆಯ ಪರಿಶಿಷ್ಟದಲ್ಲಿವೆ; ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ದಡಕ್ಕೆ ಬಂದು ಬಿದ್ದ ಸತ್ತ ತುಂಡನ್ನೂ ಮನೆಗೆ ಒಯ್ಯಬೇಡಿ. ಹೊರದೇಶದಿಂದ ಬಂದದ್ದೆಂದು ಯಾರಾದರೂ ಗಟ್ಟಿ ಹವಳ ಮಾರಿದರೆ, ಅವೆಲ್ಲ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವುದರಿಂದ, ಕಾಗದಪತ್ರ ನೋಡದೆ ಕೊಳ್ಳಬೇಡಿ.

ಕೊನೆಗೆ ಯಾವಾಗ ಕೈಬಿಡಬೇಕು, ಬಂಡೆಯನ್ನು ಏನು ಮಾಡಬೇಕು?

ಹೇಳಿದ ಅವಧಿ ಮುಗಿದು, ನೀಲಿ ಟಾರ್ಚಿನಲ್ಲಿ ಬಂಡೆಯ ಅಡಿಭಾಗ ಮತ್ತು ಸಂದಿಗಳನ್ನೂ ಸೇರಿಸಿ ಮೂರು ರಾತ್ರಿ ಹುಡುಕಿದರೂ ಒಂದು ಹೊಳಪೂ ಕಾಣದಿದ್ದರೆ ಕೈಬಿಡಬಹುದು. ಪ್ರತಿ ಭಾನುವಾರ ಅದೇ ಜಾಗದಿಂದ, ಅದೇ ಬೆಳಕಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡಿದ್ದರೆ ಈ ತೀರ್ಮಾನ ಸುಲಭ. ದಿನಾ ನೋಡುವ ಕಣ್ಣಿಗೆ ಒಂದು ಮಿಲಿಮೀಟರ್ ಬೆಳವಣಿಗೆಯೂ ಕಾಣದು, ಒಂದು ಮಿಲಿಮೀಟರ್ ಕುಗ್ಗಿದ್ದೂ ಕಾಣದು. ಗಟ್ಟಿ ಹವಳದ ಅಸ್ಥಿಯನ್ನು ಟ್ಯಾಂಕಿನಲ್ಲೇ ಬಿಟ್ಟರೆ ಉಪಕಾರಿ ಬ್ಯಾಕ್ಟೀರಿಯಾಗಳಿಗೆ ಮನೆಯಾಗುತ್ತದೆ. ಝೋವಾ ಇದ್ದ ಬಂಡೆ ಕೊಳೆತು ನಾರುತ್ತಿದ್ದರೆ ಅದನ್ನು ಒಣಗಿಸಲು ತಾರಸಿಯ ಮೇಲೆ ಇಡಬೇಡಿ, ಕಾಗೆ, ಬೆಕ್ಕು, ಮಕ್ಕಳ ಕೈಗೆ ಸಿಕ್ಕೀತು. ಒದ್ದೆಯಾಗಿರುವಾಗಲೇ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಹಸಿ ಕಸಕ್ಕೆ ಸೇರಿಸದೆ, ಕಸದ ಗಾಡಿಯವರಿಗೆ ಕೊಡುವಾಗ ಬಿಚ್ಚಬಾರದೆಂದು ಬಾಯಿಬಿಟ್ಟು ಹೇಳಿ ಕೊಡಿ.